ದಿನಾ ತೊಡುತ್ತೇನೆ ಎಂದ ಬಳೆ

ಅತ್ತೆಯವರಿಗೆ ಇಂಗ್ಲಿಷ್ ಕಲಿಸುವ ಹುಚ್ಚು ಹತ್ತಿದ್ದು ನನಗೆ, ಅವರಿಗಲ್ಲ. ಎಂಬತ್ತರ ದಶಕದ ನಡುವಿನ ಮಾತು. ಓಕ್ಲ್ಯಾಂಡಿನಲ್ಲಿ ಕೆರೆಯ ಹತ್ತಿರ ನಮ್ಮದೊಂದು ಸಣ್ಣ ಅಪಾರ್ಟ್‌ಮೆಂಟು. ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಗಂಡನಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಫೀಸು. ನಮ್ಮ ಮಗಳನ್ನು ನೋಡಿಕೊಳ್ಳಲೆಂದು ಧಾರವಾಡದಿಂದ ಬಂದಿದ್ದ ಅತ್ತೆ, ಅವಳು ಸ್ಕೂಲಿಗೆ ಹೋಗತೊಡಗಿದ ಮೇಲೆ ದಿನವಿಡೀ ಕಿಟಕಿಯ ಪಕ್ಕ ಕೂತು ಹೋಗಿಬರುವ ಕಾರುಗಳನ್ನು ನೋಡುತ್ತಿದ್ದರು. ಸಂಜೆ ಬಂದ ಮೊಮ್ಮಗಳು ಅಜ್ಜಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೊಂದು ಮಾತು ಎಸೆದು ಟೀವಿಯ ಮುಂದೆ ಕೂರುವಳು. ನಾನು ಮೈಸೂರಿನವಳು, ಬಾಯಿ ಸ್ವಲ್ಪ ಜೋರು. ಒಂದು ದಿನ ಹೇಳದೆ ಕೇಳದೆ ಅವರನ್ನು ಕರೆದುಕೊಂಡು ಹೋಗಿ, ಚೀನೀಯರ ಕೇರಿಯ ಪಕ್ಕದಲ್ಲಿ ವಯಸ್ಸಾದವರಿಗೆಂದು ನಡೆಯುತ್ತಿದ್ದ ಇಂಗ್ಲಿಷ್ ಕ್ಲಾಸಿಗೆ ಸೇರಿಸಿಬಿಟ್ಟೆ.

ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ತಾವೇ ಬಸ್ಸು ಹತ್ತಿ ಹೋಗಿಬರಲು ಕಲಿತರು.

ಅಲ್ಲಿ ಪುಸ್ತಕ ಕಮ್ಮಿ, ಬಾಯಿಪಾಠ ಜಾಸ್ತಿ. ಒಂದೊಂದು ತಿಂಗಳು ಒಂದೊಂದು ವಿಷಯ: ಡಾಕ್ಟರ ಹತ್ತಿರ ಹೇಗೆ ಮಾತಾಡಬೇಕು, ಅಂಗಡಿಯಲ್ಲಿ ಹೇಗೆ ಕೇಳಬೇಕು. ಆ ಚಳಿಗಾಲದಲ್ಲಿ ಬಂದದ್ದು ಉಡುಗೊರೆ. ಕೊಡುವಾಗ ಏನು ಹೇಳಬೇಕು, ತೆಗೆದುಕೊಳ್ಳುವಾಗ ಏನು ಹೇಳಬೇಕು, ಎಲ್ಲವೂ ಪೂರ್ತಿ ವಾಕ್ಯದಲ್ಲಿ. ಮನೆಯಲ್ಲಿ ನಾನು ಚಪಾತಿ ಲಟ್ಟಿಸುತ್ತ ಕೊಡುವವಳಾದೆ, ಅವರು ತೆಗೆದುಕೊಳ್ಳುವವರಾದರು. ನಾನು ಸೌಟು ಚಾಚಿ "ದಿಸ್ ಈಸ್ ಫಾರ್ ಯೂ" ಅನ್ನಬೇಕು. ಅವರು ಎರಡೂ ಕೈಯಲ್ಲಿ ಹಿಡಿದು "ಥ್ಯಾಂಕ್ಯೂ. ಐ ಲೈಕ್ ಇಟ್. ಐ ವಿಲ್ ಯೂಸ್ ಇಟ್ ಎವೆರಿ ಡೇ" ಅನ್ನಬೇಕು. ಶಾಲು, ವಾಚು ಆದರೆ ಮಾತು ಬೇರೆ: "ಐ ವಿಲ್ ವೇರ್ ಇಟ್ ಎವೆರಿ ಡೇ." ದಿನಾ ತೊಡುತ್ತೇನೆ.

ಒಂದು ಸೌಟು ಕೊಟ್ಟು ಇಷ್ಟೆಲ್ಲ ಹೊಗಳಿಸಿಕೊಳ್ಳುವ ಜನರ ಮನೆಯಲ್ಲಿ ಊಟ ಮಾಡಿದರೆ ಇನ್ನೇನೇನು ಅನ್ನಬೇಕಾಗುತ್ತದೋ ಎಂದು ಅತ್ತೆ ಗೊಣಗುತ್ತಿದ್ದರು. ಆದರೆ ತಪ್ಪುತ್ತಿರಲಿಲ್ಲ. ನನಗಿಂತ ನೆನಪು ಚೆನ್ನಾಗಿತ್ತು ಅವರಿಗೆ.

ಒಂದೇ ಪ್ರಶ್ನೆಯಲ್ಲಿ ನಿಂತುಬಿಟ್ಟರು. ನಿಮಗೆ ಕೊನೆಯ ಸಲ ಬಂದ ಉಡುಗೊರೆ ಯಾವುದು, ಯಾರು ಕೊಟ್ಟರು? ನಾನು ಎರಡು ಸಲ ಕೇಳಿದೆ. ಅವರು ಹಿಟ್ಟಿನ ತಟ್ಟೆ ನೋಡುತ್ತ ಕೂತರು. ಆಮೇಲೆ ಕನ್ನಡದಲ್ಲೇ ಹೇಳಿದರು.

"ನಮ್ಮಣ್ಣ ಒಂದು ಸೀರಿ ಕೊಟ್ಟಿದ್ದ. ಇವರು ಹೋದ ಮ್ಯಾಲೆ, ಹದಿಮೂರನೇ ದಿನಕ್ಕ. ಅದ ಕಡೀದು ನೋಡು."

ನಮ್ಮಲ್ಲಿ ಗಂಡ ಸತ್ತವಳಿಗೆ ತವರಿನವರು ತರುವ ಸೀರೆ ಅದು. ಆಗ ಅತ್ತೆಗೆ ಮೂವತ್ತೆಂಟೋ ಮೂವತ್ತೊಂಬತ್ತೋ. ಅಲ್ಲಿಂದೀಚೆಗೆ ಅವರ ಉಡಿ ತುಂಬಿದವರಿಲ್ಲ, ಬಾಗಿನ ಕೊಟ್ಟವರಿಲ್ಲ. ಸೀರೆಗಳನ್ನು ಕೊಡಿಸಿದ್ದೇವೆ, ಉಡಬೇಕಲ್ಲ ಎಂದು ಕೊಡಿಸಿದ ಸೀರೆಗಳು. ಅಣ್ಣ ಸೀರೆ ಕೊಟ್ಟ ಎಂದಷ್ಟೇ ಹೇಳಿ, ಯಾಕೆ ಎಂದು ಕೇಳಿದರೆ ಹುಟ್ಟುಹಬ್ಬಕ್ಕೆ ಎನ್ನಿ ಅಂದೆ. "ಆತು, ಹಂಗ ಅಂತೀನಿ" ಎಂದು ಅದನ್ನೂ ಬಾಯಿಪಾಠ ಮಾಡಿದರು.

ಕ್ಲಾಸಿನಲ್ಲಿ ಅವರಿಗೆ ಜೋಡಿಯಾಗಿ ಸಿಕ್ಕಿದ್ದವರು ಒಬ್ಬ ಚೀನೀ ಅಜ್ಜಿ. ಅವರಿಗೂ ಗಂಡನಿಲ್ಲ. ಅವರ ಇಂಗ್ಲಿಷೂ ಅಷ್ಟಕ್ಕಷ್ಟೆ. ಕ್ಲಾಸು ಬಿಟ್ಟ ಮೇಲೆ ಇಬ್ಬರೂ ಕೆರೆಯ ಬದಿಯ ಬೆಂಚಿನ ಮೇಲೆ ಕೂತು ಕಿತ್ತಳೆಹಣ್ಣು ಸುಲಿದು ತಿನ್ನುವರು, ಕಲಿತ ವಾಕ್ಯಗಳನ್ನೇ ಒಬ್ಬರಿಗೊಬ್ಬರು ಹೇಳಿಕೊಳ್ಳುವರು. ಅತ್ತೆ ಅವರನ್ನು "ನನ್ನ ಗೆಳತಿ" ಎನ್ನುತ್ತಿದ್ದರು. ಅತ್ತೆಯ ಬಾಯಲ್ಲಿ ಆ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಕ್ರಿಸ್‌ಮಸ್ ರಜೆಗೆ ಮುಂಚಿನ ಕೊನೆಯ ಕ್ಲಾಸಿನಲ್ಲಿ ಎಲ್ಲರೂ ತಮ್ಮ ಜೋಡಿಗೆ ನಿಜವಾದ ಉಡುಗೊರೆಯೊಂದನ್ನು ತಂದು, ಕಲಿತ ಮಾತು ಹೇಳಿ ಕೊಡಬೇಕೆಂದಾಯಿತು. ನಾನು ಅಂಗಡಿಯಿಂದ ಏನಾದರೂ ತರುತ್ತೇನೆ ಎಂದರೆ ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ. ನನ್ನ ಹಳೆಯ ಸೀರೆಗಳನ್ನೂ ತಮ್ಮವನ್ನೂ ಕತ್ತರಿಸಿ, ತೊಡೆಯ ಮೇಲೆ ಹೊದೆಯುವಷ್ಟು ಚಿಕ್ಕ ಕೌದಿ ಹೊಲಿದರು. ನಾಲ್ಕು ಮೂಲೆಗೂ ಕೆಂಪು ತುಂಡು ಹಚ್ಚಿದರು. ಆ ದಿನ ಬೆಳಿಗ್ಗೆ ಅದನ್ನು ಎದೆಗವಚಿಕೊಂಡು ಹೊರಟದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸಂಜೆ ನಾನು ಮನೆಗೆ ಬಂದಾಗ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು. ಏನಾಯಿತು ಅತ್ತೆ ಎಂದೆ. ಕೈ ಹೊರಗೆ ತೆಗೆದರು. ಮಣಿಕಟ್ಟಿನಲ್ಲಿ ಒಂದೇ ಒಂದು ಬಳೆ, ದಪ್ಪನೆಯ ಹಸಿರು ಕಲ್ಲಿನದು. ಅಚ್ಚ ಹಸಿರು. ಮುತ್ತೈದೆಯರ ಬಳೆಯ ಹಸಿರು.

ಗೆಳತಿ ತಮ್ಮ ಕೈಯಲ್ಲಿರುವಂಥದೇ ಬಳೆ ತಂದಿದ್ದರಂತೆ. ಬೇಡ ಎಂದು ಹೇಳುವ ಮಾತನ್ನು ಕ್ಲಾಸಿನಲ್ಲಿ ಕಲಿಸಿರಲಿಲ್ಲ. ಅತ್ತೆ ಕಲಿತದ್ದನ್ನು ಒಂದಕ್ಷರ ತಪ್ಪದೆ ಹೇಳಿದರಂತೆ: ಐ ಲೈಕ್ ಇಟ್, ಐ ವಿಲ್ ವೇರ್ ಇಟ್ ಎವೆರಿ ಡೇ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಗೆಳತಿ ಅಲ್ಲಿಯೇ ಕೈಗೆ ಸೋಪು ಹಚ್ಚಿ ತೊಡಿಸಿಬಿಟ್ಟರಂತೆ. ಹೇಳುವಾಗ ಅತ್ತೆಯ ಮುಖದಲ್ಲಿ ಹೆದರಿಕೆ ಇತ್ತು, ಅದರ ಹಿಂದೆ ಸಂತೋಷವೂ ಇತ್ತು. ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿಕೊಳ್ಳುತ್ತಲೇ ಇದ್ದರು.

ಗಂಡ ಊಟಕ್ಕೆ ಕೂತಾಗ ನೋಡಿದ. ತಟ್ಟೆಯ ಮುಂದಿನಿಂದ ಎದ್ದ. ನನಗೆ ಎಲ್ಲಿತ್ತೋ ಸಿಟ್ಟು, ಅಡುಗೆಮನೆಯಲ್ಲೇ ಜಾಡಿಸಿದೆ. ಸಾವಿರಾರು ಮೈಲಿ ದಾಟಿ ಬಂದರೂ ಬುದ್ಧಿ ದಾಟಲಿಲ್ಲವಲ್ಲ, ಒಂದು ಬಳೆಯಿಂದ ಯಾವ ಆಕಾಶ ಕಳಚಿ ಬೀಳುತ್ತದೆ, ಯಾವ ಜನ ಏನು ಅನ್ನುತ್ತಾರೆ ಅಂತ ಈ ಭಯ ಎಂದೆ.

"ಜನದ ಮಾತಲ್ಲ ಇದು," ಅಂದ. "ಆ ಕೈಯಾಗ ಹಸಿರು ಬಳಿ ನಾ ಕಡೀಕ ನೋಡಿದ್ದು ಅಪ್ಪನ ಹೆಣದ ಮುಂದ. ಕಲ್ಲಿಗೆ ಬಡದು ಒಡದ್ರು. ನಾ ಅಲ್ಲೇ ನಿಂತಿದ್ದೆ. ನನ್ನ ಕೈಲೆ ನೋಡ್ಲಿಕ್ಕೆ ಆಗೂದಿಲ್ಲ."

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ, ಅವನು ಹೇಳಿದ್ದು ಸರಿ ಅನ್ನಲೂ ಆಗಲಿಲ್ಲ. ಬಾಗಿಲ ಹತ್ತಿರ ಅತ್ತೆ ನಿಂತಿದ್ದರು. ಅಲ್ಲಿಂದಲೇ ಬಚ್ಚಲಿಗೆ ಹೋದರು. ಎಣ್ಣೆ ಹಚ್ಚಿದರು, ಸೋಪು ಹಚ್ಚಿದರು. ನಾನು ಹೊರಗಿನಿಂದ ಬಿಡಿ ಅತ್ತೆ, ಬಿಡಿ ಎನ್ನುತ್ತಲೇ ಇದ್ದೆ. ಬಳೆ ಹೊರಗೆ ಬಂದಾಗ ಹೆಬ್ಬೆರಳಿನ ಬುಡದ ಚರ್ಮ ಕಿತ್ತು ಬಂದಿತ್ತು. ಅರಿಸಿನ ಹಚ್ಚುವಾಗ ಅವರು ಒಂದು ಸಲವೂ ಸ್ ಎನ್ನಲಿಲ್ಲ.

ರಜೆ ಮುಗಿದು ಕ್ಲಾಸು ಶುರುವಾದರೂ ಅವರು ಹೊರಡಲಿಲ್ಲ. ನಾನು ಹೇಳಿಕೊಡಲು ನೋಡಿದೆ. ಬಳೆ ಬಿಗಿಯಾಯಿತು ಎನ್ನಿ, ಒಡೆದುಹೋಯಿತು ಎನ್ನಿ, ಇಂಗ್ಲಿಷಿನಲ್ಲಿ ಎರಡೇ ಮಾತು.

"ಒಡೀತು ಅಂತ ಸುಳ್ಳಿಗೂ ಅನ್ನಾಂಗಿಲ್ಲ ನಾ," ಅಂದರು. "ದಿನಾ ತೊಡ್ತೀನಿ ಅಂತ ಎಲ್ಲಾರ ಮುಂದ ಬಾಯಿಲೆ ಅಂದೀನಿ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಬರೀ ಕೈ ತಗೊಂಡು ಆಕಿ ಮುಂದ ಹ್ಯಾಂಗ ಕೂಡ್ಲಿ?"

ಬರೀ ಬಾಯಿಪಾಠ ಅದು ಅತ್ತೆ, ಯಾರೂ ಹಾಗೆ ಲೆಕ್ಕ ಇಟ್ಟುಕೊಳ್ಳುವುದಿಲ್ಲ ಎಂದೆ. ಅವರಿಗೆ ಅದು ಬಾಯಿಪಾಠ ಆಗಿರಲಿಲ್ಲ. ಮತ್ತೆ ಕಿಟಕಿಯ ಪಕ್ಕದ ಕುರ್ಚಿ, ಮತ್ತೆ ಕಾರುಗಳು. ಚಳಿ ಮುಗಿಯುತ್ತಿದ್ದಂತೆ, ಧಾರವಾಡದಲ್ಲಿದ್ದ ತಮ್ಮ ಮಗಳ ಮನೆಗೆ ಹೊರಟುನಿಂತರು. ತಡೆಯುವುದಕ್ಕೆ ನಮ್ಮ ಹತ್ತಿರ ಯಾವ ಮಾತು ಉಳಿದಿತ್ತು?

ಹೊರಡುವ ದಿನ, ಗಂಡ ಸಾಮಾನು ಕಾರಿಗೆ ಹಾಕುತ್ತಿದ್ದಾಗ, ಅತ್ತೆ ಸೆರಗಿನ ಗಂಟು ಬಿಚ್ಚಿ ಬಳೆ ತೆಗೆದರು. ಎರಡೂ ಕೈಯಲ್ಲಿ ಹಿಡಿದು "ದಿಸ್ ಈಸ್ ಫಾರ್ ಯೂ" ಅಂದರು. ನಗಲಿಲ್ಲ. ನಾನು ಹೇಳಬೇಕಾದದ್ದನ್ನು ಹೇಳುವವರೆಗೆ ಕಾದು ನಿಂತರು. ಹೇಳಿದೆ, ಪೂರ್ತಿ ವಾಕ್ಯದಲ್ಲಿ, ಎವೆರಿ ಡೇ ಎಂದು. ನನ್ನದು ಕಡ್ಡಿ ಕೈ, ಬಳೆ ಸಲೀಸಾಗಿ ಏರಿತು. ಮನೆಯೊಳಗೆ ಯಾರಾದರೂ ಒಬ್ಬರು ತೊಟ್ಟರೆ ತಮ್ಮ ಮಾತು ಅಷ್ಟರ ಮಟ್ಟಿಗೆ ಉಳಿಯಿತು ಎಂದುಕೊಂಡಿರಬೇಕು ಅವರು.

ಲ್ಯಾಬಿನಲ್ಲಿ ನನ್ನ ಜೊತೆ ಒಬ್ಬ ಚೀನೀ ಹುಡುಗಿ ಇದ್ದಳು. ಬಳೆ ನೋಡಿ, ತನ್ನ ಅಜ್ಜಿಯೂ ಇಂಥದು ತೊಟ್ಟಿದ್ದಳು ಎಂದಳು. ತಮ್ಮ ಮನೆಯ ಮುದುಕಿಯರು ಇದನ್ನು ಸಾಯುವ ತನಕ ತೆಗೆಯುವುದಿಲ್ಲ, ಸತ್ತ ಮೇಲೆ ಮಗಳೋ ಸೊಸೆಯೋ ತೊಡುತ್ತಾರೆ ಎಂದಳು. ಒಳ್ಳೆಯ ಪದ್ಧತಿ ಎಂದು ತಲೆಯಾಡಿಸಿ ನನ್ನ ಕೆಲಸ ನೋಡಿಕೊಂಡೆ.

ಒಂದು ಶನಿವಾರ ಚೀನೀಯರ ಕೇರಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. ಯಾರೋ ನನ್ನ ಮಣಿಕಟ್ಟು ಹಿಡಿದರು. ಅತ್ತೆಯ ಗೆಳತಿ. ಒಂದು ಸಲ ನಾನು ಅತ್ತೆಯನ್ನು ಕರೆಯಲು ಹೋದಾಗ ನನ್ನನ್ನು ನೋಡಿದ್ದರು. ಅವರು ನನ್ನ ಮುಖ ನೋಡಲಿಲ್ಲ, ಬಳೆ ನೋಡುತ್ತಿದ್ದರು. "ಯುವರ್ ಮದರ್," ಎಂದರು, ಮುಂದಿನ ಮಾತು ಸಿಗಲಿಲ್ಲ ಅವರಿಗೆ. ಕಣ್ಣಿಂದ ಧಾರೆಯಾಗಿ ನೀರು ಇಳಿಯಿತು.

ಇಲ್ಲ, ಬದುಕಿದ್ದಾರೆ, ಊರಲ್ಲಿ ಮಗಳ ಮನೆಯಲ್ಲಿ ಚೆನ್ನಾಗಿದ್ದಾರೆ. ಇಷ್ಟು ಹೇಳಲು ನನಗೆ ಯಾವ ಇಂಗ್ಲಿಷ್ ಕ್ಲಾಸೂ ಬೇಕಿರಲಿಲ್ಲ. ಆದರೆ ಹಾಗೆಂದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು. ಬದುಕಿದ್ದರೆ ಬಳೆ ಯಾಕೆ ತೆಗೆದಳು? ದಿನಾ ತೊಡುತ್ತೇನೆ ಎಂದಿದ್ದಳಲ್ಲ? ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಅವರು ನನ್ನ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಅತ್ತರು. "ಎವೆರಿ ಡೇ," ಎಂದರು, "ಗುಡ್ ಫ್ರೆಂಡ್. ಎವೆರಿ ಡೇ." ಕೊತ್ತಂಬರಿ ಅಲ್ಲೇ ಬಿಟ್ಟು ಮನೆಗೆ ಬಂದೆ.

ಆ ತಿಂಗಳು ಧಾರವಾಡಕ್ಕೆ ಫೋನ್ ಮಾಡಿದಾಗ ಅತ್ತೆ ಮೊದಲು ಮೊಮ್ಮಗಳನ್ನು ಕೇಳಿದರು. ಆಮೇಲೆ ದನಿ ಇಳಿಸಿ, ನನ್ನ ಗೆಳತಿ ಎಲ್ಲೆರೆ ಸಿಕ್ಕಿದ್ಳೇನು ಎಂದರು. ಸಿಕ್ಕಿದ್ದರು, ನಿಮ್ಮನ್ನು ತುಂಬ ನೆನೆಸಿಕೊಂಡರು ಎಂದೆ.

"ಬಳಿ ತಗದದ್ದಕ್ಕ ಸಿಟ್ಟಾಗ್ಯಾಳೇನು?"

"ಇಲ್ಲ ಅತ್ತೆ. ಒಂಚೂರೂ ಸಿಟ್ಟಿಲ್ಲ ಅವರಿಗೆ."



"ಹಂಗಾರ ಛಲೋ ಆತು ಬಿಡು," ಅಂದರು. "ಅದೊಂದು ಚಿಂತಿ ಇತ್ತು ನನಗ."