ಮಗ್ಗದವರ ದನಿ

ವಿಧಾನಸಭೆಯ ಮುಂದಿರುವ ಯಾವ ಮಸೂದೆಗಳನ್ನು ಊರು ಮೊದಲು ಬೆಂಬಲಿಸಬೇಕೆಂದು ಕೇಳಲು ನಗರಪಾಲಿಕೆಯವರು ಸಭೆ ಕರೆದಿದ್ದರು. ಕಬನೂರಿನ ಮಗ್ಗದ ಶೆಡ್ಡಿನಿಂದ ನಾನೂ ಹೋದೆ. ನಮ್ಮ ವಾರ್ಡಿನ ಸದಸ್ಯರು ತಾವು ಬರೆದ ಪಟ್ಟಿಯಿಂದ ಜಾಹೀರಾತು ಫಲಕಗಳ ಮಸೂದೆಯನ್ನು ಮೊದಲು ಓದಿದರು, ಕುಡಿಯುವ ನೀರಿನದನ್ನು ಕಟ್ಟಕಡೆಗೆ. ನಾನು ಎದ್ದು ನಿಂತೆ.

"ಸಾಹೇಬ್ರ, ನೀರಿಂದು ಮೊದಲ ಬರೀರಿ."

"ಅಕ್ಕಾರ, ಮೈಕ್ ಬಂದ ಮ್ಯಾಲೆ ಮಾತಾಡ್ರಿ. ಹಿಂಗ್ಯಾಕ ಒದರತೀರಿ?" ಎಂದು ಅವರು ಗದರಿದರು.

ಸಿಟ್ಟು ನೆತ್ತಿಗೇರಿತು. ದಿನವಿಡೀ ಮಗ್ಗಗಳ ಸದ್ದಿನಲ್ಲಿ ದುಡಿಯುವ ನಾವು ಮನೆಯಲ್ಲಿ ಮಕ್ಕಳನ್ನು ಊಟಕ್ಕೆ ಕರೆಯುವುದೂ ಇದೇ ದನಿಯಲ್ಲಿ.

"ನಾ ಇನ್ನೂ ಒದರೇ ಇಲ್ರಿ," ಎಂದೆ. "ನೀರಿಂದು ಮೊದಲ ಬರೀರಿ. ಇಲ್ಲಂದ್ರ ನಾಳೆ ಶೆಡ್ಡಿನ ಹೆಣ್ಮಕ್ಕಳೆಲ್ಲಾ ಬರ್ತೀವಿ. ನಮ್ಮೊಳಗ ಯಾರಿಗೂ ಮೈಕ್ ಬೇಕಾಗಂಗಿಲ್ಲ."