ನೌಬಾದಿನ ಬಾಗಿಲಲ್ಲಿ ಭಾವನವರು

ಮುನ್ನಾ, ಚಿನ್ನಿ,

ನಿಮ್ಮ ಅಜ್ಜನಿಗೆ ರಕ್ತದ ಕ್ಯಾನ್ಸರ್ ಇತ್ತೆಂದು ನಿಮಗೆ ಗೊತ್ತು. ಆ ದಿನಗಳನ್ನು ಅವರು ಹೇಗೆ ಕಳೆದರೆಂದು ಗೊತ್ತಿಲ್ಲ. ನಡೆಯುತ್ತಾ ಕಳೆದರು. ಔರಾದ ಕಡೆ ಕುರಿಗಳ ಹಿಂದೆ ಅಡ್ಡಾಡಿ ಬೆಳೆದ ಕಾಲುಗಳು ಅವರವು. ಬೀದರ ಹತ್ತಿರದ ನೌಬಾದಿನ ಬಾಡಿಗೆ ಖೋಲಿಯಲ್ಲಿ ಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ ತಿರುಗುತ್ತಲೇ ಇರುತ್ತಿದ್ದರು. ಕೂತುಕೊಳ್ಳಿ ಅಂದರೆ, "ನಾ ಕೂತ್ರ ಅದೂ ಬಂದು ಬಾಜೂಕ ಕೂಡ್ತದ" ಅನ್ನುತ್ತಿದ್ದರು.

ಆ ವರ್ಷ ಮಳೆಯಿರಲಿಲ್ಲ. ಟ್ಯಾಂಕರ್ ಬಂದ ದಿನ ಸಿಕ್ಕಷ್ಟೇ ನೀರು. ಅದರಲ್ಲೇ ಮೊದಲು ಕೈ ತೊಳೆಯಲು ಒಂದು ಕೊಡ ತೆಗೆದಿಡುತ್ತಿದ್ದೆ. ಔಷಧಿಯಿಂದ ರಕ್ತದ ಬಿಳಿ ಕಣಗಳು ಇಳಿದಿವೆ, ಜ್ವರ ಬಂದರೆ ಜೀವಕ್ಕೇ ಅಪಾಯ, ಕೆಮ್ಮು ಇದ್ದವರನ್ನು ಒಳಗೆ ಬಿಡಬೇಡಿ ಎಂದು ಬೀದರಿನ ಡಾಕ್ಟರು ಹೇಳಿದ್ದರು.

ಒಂದು ಮಧ್ಯಾಹ್ನ ನಿಮ್ಮ ಅಜ್ಜನ ಅಣ್ಣ ಊರಿಂದ ಬಂದರು. ಮರುದಿನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಡುವವರು, ತಮ್ಮನನ್ನು ಅಪ್ಪಿಕೊಂಡು ಹೋಗಲು ಬಂದಿದ್ದರು. ಮೆಟ್ಟಿಲಲ್ಲೇ ಕೆಮ್ಮಿದರು. ಮದುವೆಯಾದಾಗಿನಿಂದ ನಾನು ಭಾವನವರ ಮುಂದೆ ಮುಖವೆತ್ತಿ ಮಾತಾಡಿದವಳಲ್ಲ. ತಲೆಯ ಮೇಲಿನ ಸೆರಗು ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ನಿಂತೆ.

"ಒಳಗ ಬರಬ್ಯಾಡ್ರಿ ಭಾವಾ. ನಿಮಗ ಕೆಮ್ಮು ಅದ."

"ಧೂಳಿನ ಕೆಮ್ಮವಾ ಇದು. ಕೈ ತೊಳಿ ಅಂದ್ರ ತೊಳಿತೇನಿ. ಬಾಗಲಾ ಬಿಡು."

"ಬ್ಯಾಡ್ರಿ."

"ನನ್ನ ತಮ್ಮಗ ನಾ ವೈರಿ ಏನವಾ?"

ಒಳಗೆ ನಡಿಗೆ ನಿಂತಿತು. "ಅಣ್ಣಾ, ನಿನ್ನ ಮುಂದ ಈಕಿ ಬಾಯಿ ಬಿಚ್ಚಸಾಕ ನನಗ ಇಷ್ಟು ವರ್ಷ ಆಗ್ಲಿಲ್ಲ. ನಿನಗ ಒಂದ ಕೆಮ್ಮಿಗೆ ಆಯ್ತು ನೋಡು! ಖಿಡಕಿ ಕಡಿ ಬಾ" ಎಂದರು ನಿಮ್ಮ ಅಜ್ಜ.

ಇಬ್ಬರೂ ಕಿಟಕಿಯ ಆಚೆ ಈಚೆ ದೂರ ನಿಂತು ಕುರಿ, ಮೇವು, ಯಾರ ಬಾವಿ ಬತ್ತಿತು ಎಂದು ಮಾತಾಡಿದರು. ಹೊರಡುವಾಗ ಭಾವನವರು ಸರಳಿನೊಳಗೆ ಕೈ ಚಾಚಿದವರು ನನ್ನನ್ನು ನೋಡಿ ಹಿಂದಕ್ಕೆ ತೆಗೆದುಕೊಂಡರು. ಚಹಾ ಕೊಡಬೇಕೆಂಬುದೂ ನನಗೆ ಹೊಳೆಯಲಿಲ್ಲ.

ಸಂಜೆಯವರೆಗೆ ನಿಮ್ಮ ಅಜ್ಜ ಖೋಲಿಯಲ್ಲಿ ತಿರುಗುತ್ತಲೇ ಇದ್ದರು. ಆಮೇಲೆ ಕೇಳಿದರು, "ಖರೇ ಕೆಮ್ಮಿತ್ತಾ ಅವಗ?"

"ಇತ್ರಿ."

"ಹಂಗಾದ್ರ ಛಲೋ ಮಾಡಿದಿ" ಎಂದರು. ಆದರೂ ಕೂತುಕೊಳ್ಳಲಿಲ್ಲ.

ಆ ಸಲ ಜ್ವರ ಬರಲಿಲ್ಲ. ಕಬ್ಬಿನ ಕೆಲಸ ಮುಗಿಸಿ ಭಾವನವರು ಮರಳಿದಾಗ ಅಣ್ಣ ತಮ್ಮ ಅಪ್ಪಿಕೊಂಡಿದ್ದನ್ನು ಕಣ್ಣಾರೆ ನೋಡಿದೆ. ನಿಮ್ಮ ಅಜ್ಜ ಹೋದದ್ದು ಅದಾಗಿ ಎರಡು ವರ್ಷಕ್ಕೆ. ಭಾಲ್ಕಿಯ ನೆಂಟರು ಮಾತ್ರ ಈಗಲೂ ನನಗೆ, ಮನೆಯ ಹಿರಿಯನನ್ನು ಬಾಗಿಲಿಂದಲೇ ಕಳಿಸಿದವಳು ಅನ್ನುತ್ತಾರೆ. ಎದುರು ಹೇಳುವ ಧೈರ್ಯ ನನಗಿಲ್ಲ. ನೀವಾದರೂ ನಡೆದದ್ದನ್ನು ತಿಳಿದಿರಲಿ ಎಂದು ಬರೆದೆ. ಈ ಹಾಳೆಗಳನ್ನು ಇಲಿ, ನೀರು ತಾಗದ ಕಡೆ ಎತ್ತಿಡಿ.