ತಪ್ರಾಂದಿಚ್ ಕೇಳಿದ ಮೂರನೆಯ ಚಿತ್ರ

ನಮ್ಮೂರ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಹೆಂಗಸು ತಪ್ರಾಂದಿಚ್ ಆ ಎಕ್ಸ್‌ರೇ ಕೋಣೆಗೆ ಮೊದಲು ಕಾಲಿಟ್ಟದ್ದು ಕಸಬರಿಗೆ ಹಿಡಿದು. ನೆಲ ಒರೆಸುತ್ತಲೇ ಫಿಲಂ ತೊಳೆಯುವುದನ್ನು ಕಲಿತರು. ಮೂವತ್ತೊಂದನೆಯ ವಯಸ್ಸಿನಲ್ಲಿ, ಇಬ್ಬರು ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು, ನೈರೋಬಿಗೆ ಹೋಗಿ ಓದಿ ಬಂದರು. ಇಪ್ಪತ್ತು ವರ್ಷಗಳಿಂದ ಇಲ್ಲಿಯ ಓಟಗಾರರ ಮಂಡಿಗಳೆಲ್ಲ ಅವರ ಕಣ್ಣೆದುರು ಹಾದುಹೋಗಿವೆ. ನಮ್ಮಲ್ಲಿ ಓಡದವರು ಯಾರು? ಕಾಯುವವರ ಬೆಂಚನ್ನು ಅವರು ಹಜಾರದ ಆ ತುದಿಗೆ ಹಾಕಿಸಿದ್ದರು. ಹೆಸರು ಕರೆದಾಗ ರೋಗಿ ಅಷ್ಟು ದೂರ ನಡೆದು ಬರಬೇಕು, ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸೊಕ್ಕು ಎಂದು ಜನ ಗೊಣಗುತ್ತಿದ್ದರು. ನಾನೂ ಗೊಣಗಿದ್ದೇನೆ.

ನಾನು ಶಾಲೆಯ ಆಟದ ಮೇಷ್ಟ್ರು, ಊರಿನವರ ಬಾಯಲ್ಲಿ 'ಮ್ವಾಲಿಮು'. ಹದಿಮೂರರ ಜೆಪ್ತನುಯಿ ನಮ್ಮ ತಂಡದಲ್ಲೇ ವೇಗದ ಹುಡುಗಿ. ಒಂದೇ ವರ್ಷದಲ್ಲಿ ನನ್ನ ಹೆಗಲೆತ್ತರ ಬೆಳೆದುಬಿಟ್ಟಿದ್ದಳು. ಪಂದ್ಯ ಹತ್ತಿರವಾದಾಗ ಮಂಡಿನೋವು ಎಂದು ಕುಂಟತೊಡಗಿದಳು. ಮೂರು ವಾರ ಬೈದೆ. ಕೊನೆಗೆ ಅವಳ ಅಜ್ಜಿ ನನ್ನನ್ನೇ ದಬಾಯಿಸಿ, ಅವಳ ಜೊತೆ ಆಸ್ಪತ್ರೆಗೆ ಅಟ್ಟಿದರು.

ಮಂಡಿಯ ಚಿತ್ರ ಎದುರಿನಿಂದೊಂದು, ಪಕ್ಕದಿಂದೊಂದು ತೆಗೆದದ್ದಾಯಿತು. ಹೊಸದಾಗಿ ಬಂದಿದ್ದ ಡಾಕ್ಟರ್ ಬರ್ಮಸಾಯಿ ನೋಡಿ, "ಮಂಡಿ ಚೆನ್ನಾಗೇ ಇದೆ. ಮಾತ್ರೆ ಬರೀತೀನಿ" ಅಂದರು.

"ಕೇಳಿಸ್ತಾ? ನಾಟಕ ಸಾಕು, ಏಳು" ಅಂದೆ. ಹುಡುಗಿ ಗೋಡೆ ಹಿಡಿದು ಎದ್ದಳು.

"ಮ್ವಾಲಿಮು, ಬಾಯಿಗೆ ಸ್ವಲ್ಪ ಬೀಗ ಹಾಕ್ತೀರಾ?" ತಪ್ರಾಂದಿಚ್ ಒಳಗೆ ಬಂದಿದ್ದರು. "ಬೆಂಚಿಂದ ನಡೆದು ಬರೋವಾಗ ನೋಡಿದೆ, ಅವಳ ಪಾದ ಹೊರಗಡೆ ತಿರುಗುತ್ತೆ. ಇಷ್ಟು ವರ್ಷ ಮಕ್ಕಳನ್ನ ಓಡಿಸಿದ್ದೀರಿ, ಅಷ್ಟೂ ಕಾಣಲಿಲ್ವಾ?" ಆಮೇಲೆ ಡಾಕ್ಟರ ಕಡೆ ತಿರುಗಿದರು. "ಸರ್, ಸೊಂಟದ ಕೀಲಿಂದು ಇನ್ನೊಂದು ಚಿತ್ರ ಬರೆದುಕೊಡಿ."

"ನೋವಿರೋದು ಮಂಡೀಲಿ. ಸೊಂಟ ಯಾಕಮ್ಮಾ? ಆಮೇಲೆ ಹಲ್ಲಿಂದೂ ತೆಗೀತೀರಾ?"

"ಕೀಲು ಸರಿಯಿದ್ರೆ ಎಲ್ಲರ ಮುಂದೆ ನನ್ನನ್ನ ಬೈರಿ. ಸರಿಯಿಲ್ದಿದ್ರೆ, ಮಾತ್ರೆ ಕೊಟ್ಟು ಕಳಿಸಿದ ಮೇಲೆ ಈ ಮಗು ಮತ್ತೆ ಓಡುತ್ತೆ. ಆಗ ಏನು ಮಾಡೋಣ?"

ಡಾಕ್ಟರ್ ಚೀಟಿ ಬರೆದರು.

ತಪ್ರಾಂದಿಚ್ ಅವಳನ್ನು ಮಲಗಿಸಿ, ನೋಯದ ಹಾಗೆ ಎರಡೂ ಮಂಡಿಗಳನ್ನು ಹೊರಕ್ಕೆ ಮಡಿಸಿ, ಕಾಲು ಅಲುಗದಂತೆ ಪಕ್ಕಕ್ಕೆ ಮರಳಿನ ಚೀಲ ಆನಿಸಿಟ್ಟರು. ಚಿತ್ರ ಪರದೆಯ ಮೇಲೆ ಬಂದಾಗ ನನಗೂ ಕಂಡಿತು. ಬಲಗಡೆ ತೊಡೆಮೂಳೆಯ ದುಂಡನೆಯ ತಲೆ ಅದರ ಕತ್ತಿನ ಮೇಲೆ ನೇರ ಕೂತಿತ್ತು, ಎಡಗಡೆಯದು ಜಾರಿತ್ತು. ನೋವು ಹುಟ್ಟಿದ್ದು ಸೊಂಟದ ಕೀಲಿನಲ್ಲಿ, ಕಾಣಿಸಿಕೊಂಡದ್ದು ಮಂಡಿಯಲ್ಲಿ.

"ಸ್ಟ್ರೆಚರ್ ತನ್ನಿ!" ಡಾಕ್ಟರ್ ಕೂಗಿದರು. "ಇವಳು ಒಂದು ಹೆಜ್ಜೆಯೂ ಇಡಬಾರದು." ಆಮೇಲೆ ತಗ್ಗಿದ ದನಿಯಲ್ಲಿ, "ನಾನು ಮನೆಗೆ ಕಳಿಸಿಬಿಡ್ತಿದ್ದೆ, ಅಮ್ಮಾ."

"ಚೀಟಿ ಬರೆದಿದ್ದು ನೀವೇ ಅಲ್ವಾ ಸರ್" ಎಂದಷ್ಟೇ ಹೇಳಿ ಅವರು ಮುಂದಿನ ಹೆಸರು ಕರೆದರು.

ಅಂದೇ ಅವಳನ್ನು ಎಲ್ಡೊರೆಟ್ ಪಟ್ಟಣದ ದೊಡ್ಡ ಆಸ್ಪತ್ರೆಗೆ ಒಯ್ದೆವು. ಮೂಳೆ ಮತ್ತೆ ಜಾರದಂತೆ ಸ್ಕ್ರೂ ಹಾಕಿದರು. ಇನ್ನೊಂದು ವಾರ ಓಡಿಸಿದ್ದರೆ ಕೀಲು ಉಳಿಯುವುದು ಕಷ್ಟವಿತ್ತು ಎಂದು ಅಲ್ಲಿಯ ವೈದ್ಯರು ನನಗೇ ಹೇಳಿದರು. ಆ ಮಾತು ಈಗಲೂ ಚುಚ್ಚುತ್ತದೆ.

ಜೆಪ್ತನುಯಿ ಊರುಗೋಲಿನೊಂದಿಗೆ ಶಾಲೆಗೆ ಮರಳಿದ ದಿನ ಇಡೀ ತರಗತಿಯ ಎದುರು ಅವಳ ಕ್ಷಮೆ ಕೇಳಿದೆ.

ಅವಳು ನಾಚಿಕೊಂಡಳು. "ಹೋಗಲಿ ಬಿಡಿ, ಮ್ವಾಲಿಮು. ನಾನೂ ಮಂಡೀನೇ ಅಂದ್ಕೊಂಡಿದ್ದೆ."